ಗಂಧದೆಣ್ಣೆ ಇಲ್ಲಿ ಯಾಕೆ ಘಮಿಸುವುದಿಲ್ಲ?



ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ, ಸಾರಿನಪುಡಿಗಳ ನಡುವೆ, ಕಾಲುಚೀಲದೊಳಗೆ ಸುತ್ತಿಟ್ಟ ಒಂದು ಪುಟ್ಟ ಶೀಶೆ ಇರುವುದುಂಟು. ಗಂಧದೆಣ್ಣೆ. ಐದು ಎಂ.ಎಲ್., ಹೆಚ್ಚೆಂದರೆ ಹತ್ತು. ಮೈಸೂರಿನಲ್ಲಿ ಮುಚ್ಚಳ ತೆಗೆದರೆ ಪಕ್ಕದ ಕೋಣೆಯವರು "ಏನದು ಘಮ?" ಅಂತ ಕೇಳುತ್ತಿದ್ದ ಎಣ್ಣೆ, ಡಬ್ಲಿನ್ನಿನಲ್ಲಿ ಮಣಿಕಟ್ಟಿಗೆ ಹಚ್ಚಿ ಮೂಗು ತಾಗಿಸಿದರೂ ಸಿಕ್ಕೀ ಸಿಗದಂತೆ ಇರುತ್ತದೆ. "ಅಂಗಡಿಯವನು ಟೋಪಿ ಹಾಕಿದ, ಇದು ಅಸಲಿ ಅಲ್ಲ" ಎಂಬ ಮಾತನ್ನು ನಮ್ಮ ಬಳಗದಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಬಹಳ ಸಲ ತಪ್ಪು ಎಣ್ಣೆಯದಲ್ಲ, ಹವೆಯದು.

ನಾನು ರಸಾಯನಶಾಸ್ತ್ರ ಓದಿದವಳಲ್ಲ. ಈ ಎಣ್ಣೆಗಳ ಹುಚ್ಚು ಹಚ್ಚಿಕೊಂಡು ಹದಿನೈದು ವರ್ಷದ ಮೇಲಾಯಿತು, ಅಷ್ಟೇ ನನ್ನ ಯೋಗ್ಯತೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಅರ್ಧ ಓದಿ ತಿಳಿದದ್ದು, ಇನ್ನರ್ಧ ನನ್ನ ಮಣಿಕಟ್ಟು ಹೇಳಿದ್ದು.

ಅಂಗಡಿಯ ಸ್ಪ್ರೇ ಸೆಂಟಿನಲ್ಲಿ ಬಹುಪಾಲು ಆಲ್ಕೋಹಾಲು. ಮೈಗೆ ತಾಗಿದ ಕೂಡಲೇ ಅದು ಹಾರಿಹೋಗುತ್ತದೆ, ಹೋಗುವಾಗ ಪರಿಮಳವನ್ನೂ ಎತ್ತಿಕೊಂಡು ಹೋಗಿ ಕೋಣೆಗೆಲ್ಲ ಎರಚುತ್ತದೆ. ಎಣ್ಣೆಗೆ ಆ ರೆಕ್ಕೆ ಇಲ್ಲ. ಅದು ಚರ್ಮದ ಮೇಲೆ ಕೂತು, ಮೈಯ ಕಾವು ಎಷ್ಟು ಕೊಟ್ಟರೆ ಅಷ್ಟನ್ನೇ ಮೇಲಕ್ಕೆ ಬಿಡುತ್ತದೆ. ಸೆಂಟು ಹೊಡೆದುಕೊಂಡವರು ಬಾಗಿಲಿಗೆ ಬಂದಾಗಲೇ ಗೊತ್ತಾಗುತ್ತದೆ. ಅತ್ತರು ಹಚ್ಚಿಕೊಂಡವರು ಪಕ್ಕದಲ್ಲಿ ಕೂತು ಎದ್ದುಹೋದ ಮೇಲೆ ಗೊತ್ತಾಗುತ್ತದೆ.

ವಾಸನೆ ಎಂದರೆ ವಸ್ತುವಿನ ಅಣುಗಳು ಗಾಳಿಗೆ ಬಂದು ಮೂಗು ಸೇರುವುದು. ನಿಂಬೆ, ಕಿತ್ತಳೆಯ ಅಣುಗಳು ಹಗುರ, ತಕ್ಷಣ ಏಳುತ್ತವೆ, ತಕ್ಷಣ ಹೋಗುತ್ತವೆ. ಗಂಧದ ಎಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಭಾರದ್ದು, ನಿಧಾನಿ. ಅದನ್ನು ಏಳಿಸಲು ಬಿಸಿ ಬೇಕು. ಮೈಸೂರಿನ ಏಪ್ರಿಲ್ ಮಧ್ಯಾಹ್ನ ಮೂವತ್ತನಾಲ್ಕು ಡಿಗ್ರಿ. ಡಬ್ಲಿನ್ನಿನ ಜುಲೈ ತಿಂಗಳ ಸರಾಸರಿ ಹದಿನೈದು ಹದಿನಾರು. ಅದೂ ನಮ್ಮ 'ಬೇಸಿಗೆ'ಯ ಲೆಕ್ಕ! ಮೇಲೆ ಸ್ವೆಟರು, ಅದರ ಮೇಲೆ ಕೋಟು. ಗಂಧ ಎದ್ದು ಬರುವುದಾದರೂ ಎಲ್ಲಿಂದ?

ಕಳೆದ ಜನವರಿಯಲ್ಲಿ ಒಂದು ವಾರ ಇದನ್ನು ಬರೆದಿಟ್ಟುಕೊಂಡೆ. ಬೆಳಿಗ್ಗೆ ಎಂಟಕ್ಕೆ ಎಡಗೈಗೆ ಒಂದು ತೊಟ್ಟು. ಮೊದಲ ಅರ್ಧ ಗಂಟೆ ಬರೀ ಹಾಲಿನಂಥ, ಹಸಿ ಮರದಂಥ ಒಂದು ಸುಳಿವು. ಬಸ್ ಸ್ಟಾಪಿನ ಗಾಳಿಯಲ್ಲಿ ಅದೂ ಇಲ್ಲ. ಬಸ್ಸಿನ ಹೀಟರಿನ ಪಕ್ಕ ಕೂತಾಗ ಮೊದಲ ಸಲ ಮೇಲೆ ಬಂತು, ಅಂಗಳದಲ್ಲಿ ಗಂಧ ತೇಯ್ದಂತೆ. ಹನ್ನೊಂದಕ್ಕೆ ಆಫೀಸಿನ ಬೆಚ್ಚಗೆಯಲ್ಲಿ ಚೆನ್ನಾಗಿ ಅರಳಿತ್ತು. ಮಧ್ಯಾಹ್ನಕ್ಕೆ ನನಗೆ ಸಿಗುವುದು ನಿಂತಿತು, ಆದರೆ ಪಕ್ಕದ ಮೇಜಿನ ಐರಿಷ್ ಗೆಳತಿಗೆ ಸಿಗುತ್ತಿತ್ತು. ಒಂದೇ ವಾಸನೆಯನ್ನು ಸ್ವಲ್ಪ ಹೊತ್ತು ಕುಡಿದ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಹೋಯಿತು ಅಂತ ಮತ್ತೆ ಮತ್ತೆ ಹಚ್ಚುವವರು ಇದನ್ನು ನೆನಪಿಡಬೇಕು. ರಾತ್ರಿ ಮಲಗುವಾಗ ಮಣಿಕಟ್ಟಿನಲ್ಲಿ ಇನ್ನೂ ಇತ್ತು. ಉಣ್ಣೆಯ ಸ್ಕಾರ್ಫಿನಲ್ಲಂತೂ ನಾಲ್ಕನೇ ದಿನವೂ ಇತ್ತು. ಉಣ್ಣೆ ಪರಿಮಳವನ್ನು ಹಿಡಿದುಕೊಳ್ಳುವಷ್ಟು ಹತ್ತಿಯಾಗಲಿ ಪಾಲಿಯೆಸ್ಟರ್ ಆಗಲಿ ಹಿಡಿಯುವುದಿಲ್ಲ. ಈ ದೇಶದಲ್ಲಿ ಗಂಧ ಹಚ್ಚಬೇಕಾದದ್ದು ಚರ್ಮಕ್ಕಿಂತ ಉಣ್ಣೆಗೇ ಎಂದು ನನ್ನ ಅಭಿಪ್ರಾಯ.

ಇನ್ನು ಅಸಲಿ–ನಕಲಿಯ ಮಾತು. ಪಕ್ಕಾ ಪರೀಕ್ಷೆ ಪ್ರಯೋಗಾಲಯದ್ದೇ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಒಂದು ತೊಟ್ಟನ್ನು ಬ್ಲಾಟಿಂಗ್ ಪೇಪರಿಗೆ ಹಾಕಿ ಮೂರು ದಿನ ನೋಡಿ. ಅಸಲಿ ಗಂಧ ಮೊದಲು ಪಿಸುಗುಟ್ಟಿ ಆಮೇಲೆ ಮಾತಾಡುತ್ತದೆ, ಮೂರನೇ ದಿನವೂ ಅದೇ ದನಿ. ಟರ್ಪೆಂಟೈನಿನಿಂದ ಶುರುಮಾಡಿ ಕಾರ್ಖಾನೆಯಲ್ಲಿ ತಯಾರಿಸುವ ಗಂಧದಂಥ ಅಣುಗಳಿವೆ. ಅವನ್ನು ಸೇರಿಸಿದ ಎಣ್ಣೆ ಬಾಗಿಲಲ್ಲೇ ಕೂಗುತ್ತದೆ. ಅಂದರೆ ವಿಚಿತ್ರ ನೋಡಿ: ಐರ್ಲೆಂಡಿನ ಚಳಿಯಲ್ಲಿ ಜೋರಾಗಿ ಘಮಿಸುವ 'ಗಂಧ'ದ ಮೇಲೆಯೇ ನನಗೆ ಹೆಚ್ಚು ಅನುಮಾನ.

ಅಸಲಿ ಯಾಕೆ ಅಪರೂಪ ಎನ್ನುವುದಕ್ಕೆ ಹಳೆಯ ಕಥೆ ಇದೆ. ೧೭೯೨ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷ ಎಂದು ಸಾರಿದ. ಮರ ಯಾರ ಹೊಲದಲ್ಲಿದ್ದರೂ ಸರಕಾರದ್ದು ಎಂಬ ಪದ್ಧತಿ ಅರಸರ ಕಾಲ ಕಳೆದರೂ ಮುಂದುವರಿಯಿತು. ಕರ್ನಾಟಕದಲ್ಲಿ ೨೦೦೧ರ ತಿದ್ದುಪಡಿ ಬಂದ ಮೇಲಷ್ಟೇ ಹೊಲದವನಿಗೆ ಮರದ ಮೇಲೆ ಹಕ್ಕು ಬಂತು. ತನ್ನದಲ್ಲದ ಮರವನ್ನು ರೈತ ಯಾಕೆ ಬೆಳೆಸಿಯಾನು? ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಕೊರಡು ಹರಾಜಾಗಿ ಬಹಳಷ್ಟು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ೧೯೧೪ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯವರ ನೆರವಿನಿಂದ, ೧೯೧೬ರಲ್ಲಿ ನಮ್ಮಲ್ಲೇ ಎಣ್ಣೆ ಇಳಿಸಲು ಆರಂಭವಾಯಿತು. ಮೈಸೂರಿನ ಕಾರ್ಖಾನೆ, ಆಮೇಲೆ ಸೋಪು, ೧೯೪೪ರಲ್ಲಿ ಶಿವಮೊಗ್ಗದ ಕಾರ್ಖಾನೆ, ಎಲ್ಲ ಅದರ ಬಳ್ಳಿಯೇ.

ಮರ ಬೇರೆ ಗಿಡಗಳ ಬೇರಿಗೆ ಬಾಯಿಟ್ಟು ಬೆಳೆಯುವ ಅರೆ ಪರಾವಲಂಬಿ. ಒಳತಿರುಳು ಮಾಗಿ ಒಳ್ಳೆಯ ಎಣ್ಣೆ ಕಟ್ಟಲು ಇಪ್ಪತ್ತೈದು ಮೂವತ್ತು ವರ್ಷ ಬೇಕು. ಎಣ್ಣೆ ಬೇರಿನಲ್ಲೇ ಹೆಚ್ಚು, ಆದ್ದರಿಂದ ಕಡಿಯುವುದಿಲ್ಲ, ಬುಡಸಮೇತ ಅಗೆಯುತ್ತಾರೆ. ಕಳ್ಳರೂ ಅಷ್ಟೇ. ಈಗ ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾ ಎಂಬಲ್ಲಿ ನಮ್ಮದೇ ಜಾತಿಯ ಶ್ರೀಗಂಧದ ದೊಡ್ಡ ತೋಪುಗಳಿವೆ. ಅಲ್ಲಿಯ ಎಣ್ಣೆಯನ್ನೂ ತರಿಸಿ ನೋಡಿದೆ. ಸ್ವಚ್ಛ, ಒಳ್ಳೆಯದು, ಆದರೆ ಇನ್ನೂ ಎಳೆಯದು ಅನ್ನಿಸಿತು. ಪಕ್ಷಪಾತ ಇದ್ದರೂ ಇರಬಹುದು.

ನನ್ನ ಬಳಿ ಅಮ್ಮ ಕೊಟ್ಟ ಒಂದು ಹಳೆಯ ಶೀಶೆ ಇದೆ. ಅದರ ಬೆಣ್ಣೆಯಂಥ ನುಣುಪು ಈಗ ಕೊಂಡ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಇನ್ನು ಕಾಲು ಭಾಗ ಉಳಿದಿದೆ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಗಂಧ ಎಂದರೆ ಸೋಪು. ಸೋಪಿನ ಘಮದಲ್ಲಿ ಗಂಧದ ಜೊತೆ ಬೇರೆ ಪರಿಮಳಗಳೂ ಬೆರೆತಿವೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಮೊದಲ ಸಲ ಶೀಶೆ ಮೂಸಿದಾಗ "ಇದೇನಮ್ಮ, ಏನೂ ಇಲ್ಲ" ಅಂದಳು. ಬಳಸಿದರೆ ಶೀಶೆ ಮುಗಿಯುತ್ತದೆ, ಎತ್ತಿಟ್ಟರೆ ಅವಳ ಮೂಗಿಗೆ ಆ ಪರಿಚಯವೇ ಆಗುವುದಿಲ್ಲ. ನಾನೀಗ ಪ್ರತಿ ಶನಿವಾರ ಎಣ್ಣೆನೀರಿನ ನಂತರ ಅವಳ ಕಿವಿಯ ಹಿಂದೆ ಒಂದು ತೊಟ್ಟು ಮುಟ್ಟಿಸುತ್ತೇನೆ. ಆರು ತಿಂಗಳಾದ ಮೇಲೆ ಒಂದು ದಿನ ಅವಳೇ, "ಹೀಟರ್ ಹಾಕಿದ ಮೇಲೆ ಬರುತ್ತೆ ಅಲ್ವಾ ಇದು" ಅಂದಳು.

ಮಲ್ಲಿಗೆಯ ವಿಚಾರ ಬೇರೆ. ಮೈಸೂರು, ಹಡಗಲಿ, ಉಡುಪಿ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಅವುಗಳ ಮೊಗ್ಗು ಹೋಗುವುದು ಮುಡಿಗೂ ಪೂಜೆಗೂ. ಶೀಶೆಯಲ್ಲಿ ಬರುವ ಮಲ್ಲಿಗೆ ಅತ್ತರು ಸಾಮಾನ್ಯವಾಗಿ ಉತ್ತರಪ್ರದೇಶದ ಕನೌಜ್‌ನದು. ಅಲ್ಲಿ ತಾಮ್ರದ ಹಂಡೆಯಲ್ಲಿ ಹೂವು ನೀರು ಹಾಕಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಆವಿಯನ್ನು ಬಿದಿರಿನ ಕೊಳವೆಯಲ್ಲಿ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಆ ಪಾತ್ರೆಯಲ್ಲಿ ಕಾಯುತ್ತಿರುವುದು, ಮತ್ತೆ, ಗಂಧದೆಣ್ಣೆ! ದಿನಕ್ಕೊಂದು ಹೊಸ ಹೂವಿನ ಹಂಡೆ, ಹೀಗೆ ಎಷ್ಟೋ ದಿನ. ಗಂಧ ತುಟ್ಟಿಯಾದ ಮೇಲೆ ಅದರ ಜಾಗಕ್ಕೆ ವಾಸನೆಯಿಲ್ಲದ ಪ್ಯಾರಾಫಿನ್ ಎಣ್ಣೆ ಬಂದಿರುವುದೂ ಉಂಟು. ಅಂಥ ಅತ್ತರು ಹೂವನ್ನು ಹೊರುತ್ತದೆ, ಆದರೆ ಹೂವು ಹೋದ ಮೇಲೆ ಕೆಳಗೆ ಏನೂ ಉಳಿಯುವುದಿಲ್ಲ. ಇಲ್ಲಿಯ ಚಳಿಯಲ್ಲಿ ಮಲ್ಲಿಗೆ ಅತ್ತರು ಮೊದಲು ಹಸಿರು ಟೀ ಎಲೆಯಂತಿರುತ್ತದೆ. ಸಂಜೆ ಮುಡಿದ ದಂಡೆಯ ಆ ಮಾಗಿದ, ಸ್ವಲ್ಪ ನಾತಕ್ಕೆ ತಿರುಗುವಂಥ ಘಮ ಬರಲು ಕಿಕ್ಕಿರಿದ ಬೆಚ್ಚನೆಯ ಸಭಾಂಗಣ ಬೇಕು.

ನನ್ನ ಮೆಚ್ಚಿನದು ದವನ. ಹೂಮಾರುವವರ ಬುಟ್ಟಿಯಲ್ಲಿ ಕನಕಾಂಬರದ ಜೊತೆ ಸೇರಿಸಿ ಕಟ್ಟುವ ಅದೇ ಬೂದುಹಸಿರು ಸೊಪ್ಪು. ದವನದೆಣ್ಣೆ ಮುಖ್ಯವಾಗಿ ದಕ್ಷಿಣ ಭಾರತದಿಂದ ಪರ್ಫ್ಯೂಮ್ ಜಗತ್ತಿಗೆ ಹೋಗುತ್ತದೆ. ಒಬ್ಬೊಬ್ಬರ ಮೈಮೇಲೆ ಒಂದೊಂದು ಬಗೆ ಎನ್ನುವ ಖ್ಯಾತಿ ಇದಕ್ಕೆ. ಒಂದು ಯುಗಾದಿಯಂದು ಮೂವರ ಕೈಗೆ ಹಚ್ಚಿ ನೋಡಿದೆವು. ಒಬ್ಬರ ಮೇಲೆ ಮಾಗಿದ ಹಲಸಿನ ತೊಳೆ, ಇನ್ನೊಬ್ಬರ ಮೇಲೆ ರಮ್ ಹಾಕಿದ ಕ್ರಿಸ್ಮಸ್ ಕೇಕು, ನನ್ನ ಮೇಲೆ ಬರೀ ಒಣಹುಲ್ಲು! ಚಳಿಯಲ್ಲೂ ಬೇಗ ಏಳುವ ಗುಣ ಇದಕ್ಕಿದೆ. ಐರ್ಲೆಂಡಿಗೆ ಬರುವವರು ಐದು ಎಂ.ಎಲ್. ಏನಾದರೂ ತರುವುದಾದರೆ ದವನ ತನ್ನಿ ಅಂತ ನಾನು ಹೇಳುವುದು.

ಮಣ್ಣಿನ ಅತ್ತರೂ ಇದೆ, ಒಣಗಿಸಿದ ಮಣ್ಣನ್ನು ಕನೌಜ್‌ನಲ್ಲಿ ಹೀಗೆಯೇ ಬಟ್ಟಿ ಇಳಿಸುತ್ತಾರೆ. ೧೯೬೪ರಲ್ಲಿ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು ಮೊದಲ ಮಳೆಯ ವಾಸನೆಗೆ 'ಪೆಟ್ರಿಕೋರ್' ಎಂದು ಹೆಸರಿಟ್ಟಾಗ ಈ ಅತ್ತರನ್ನೂ ನೆನೆದಿದ್ದರು. ಇಷ್ಟು ಮಳೆಯ ದೇಶದಲ್ಲಿ ಆ ವಾಸನೆ ಯಾಕಿಲ್ಲ ಅಂತ ನಿಮಗೂ ಅನ್ನಿಸಿರಬಹುದು. ಕಾರಣ ಸರಳ: ಅದು ಮಳೆಯದ್ದಲ್ಲ, ಒಣಗಿದ್ದ ನೆಲದ್ದು. ಇಲ್ಲಿ ನೆಲ ಒಣಗುವುದೇ ಇಲ್ಲವಲ್ಲ. ೨೦೧೮ರ ಬೇಸಿಗೆಯ ಬರಗಾಲದ ನಂತರ ಬಂದ ಮೊದಲ ಮಳೆಗೆ ಮಾತ್ರ ನಮ್ಮ ಹಿತ್ತಲು ಒಂದು ಹತ್ತು ನಿಮಿಷ ಚಿತ್ರದುರ್ಗದಂತೆ ಘಮಿಸಿತ್ತು.

ಹಾಗಂತ ಇಲ್ಲಿ ಘಮವಿಲ್ಲ ಎಂದಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು ಬಿದ್ದ ದಿನ ಹೌತ್ ಗುಡ್ಡ ಹತ್ತಿ. ಹಳದಿ ಹೂವಿನ ಮುಳ್ಳುಪೊದೆ, ಗಾರ್ಸ್, ಗುಡ್ಡಕ್ಕೆ ಗುಡ್ಡವೇ ತೆಂಗಿನಕಾಯಿ ತುರಿದಂತೆ ಘಮಿಸುತ್ತದೆ. ಕ್ಲೇರ್ ಕೌಂಟಿಯ ಬರೆನ್ ಸುಣ್ಣಕಲ್ಲಿನ ಬಯಲಿನ ನಡುವೆ, ಕ್ಯಾರನ್ ಎಂಬಲ್ಲಿ, ಬರೆನ್ ಪರ್ಫ್ಯೂಮರಿ ಎಂಬ ಸಣ್ಣ ತಯಾರಿಕೆಯ ಜಾಗವಿದೆ. ಅಲ್ಲಿಯ ಪರಿಮಳಗಳು ನನ್ನ ಮೇಲೆ ಎರಡು ಮೂರು ಗಂಟೆಯ ಮೇಲೆ ನಿಲ್ಲುವುದಿಲ್ಲ, ಆದರೆ ಈ ಹವೆಗೆ ಹೊಂದುತ್ತವೆ. ತೆಳು, ಹಸಿ, ಹುಲ್ಲಿನ ಹತ್ತಿರದವು. ಅವಕ್ಕೆ ಸೆಕೆ ಬೇಕಿಲ್ಲ.

ಇದೆಲ್ಲ ನಮ್ಮವರಿಗೆ ಹೊಸದೇನಲ್ಲ. ೧೦೨೫ರ ಸುಮಾರಿಗೆ ಕನ್ನಡದಲ್ಲಿ ಬಂದ 'ಲೋಕೋಪಕಾರ'ದಲ್ಲಿ (ಬರೆದ ಚಾವುಂಡರಾಯ ಗೊಮ್ಮಟನ ಚಾವುಂಡರಾಯನಲ್ಲ, ಚಾಲುಕ್ಯರ ಕಾಲದ ಇನ್ನೊಬ್ಬ) ಮನೆ ಕಟ್ಟುವುದು, ನೀರು ಹುಡುಕುವುದು, ಅಡುಗೆ ಇವುಗಳ ಸಾಲಿನಲ್ಲೇ ಸುಗಂಧ ತಯಾರಿಕೆಗೂ ಜಾಗವಿದೆ. ನಂತರದ ಶತಮಾನದಲ್ಲಿ ಕಲ್ಯಾಣದ ಮೂರನೇ ಸೋಮೇಶ್ವರ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಋತುವಿಗೆ ತಕ್ಕ ಲೇಪನಗಳನ್ನು ಹೇಳುತ್ತಾನೆ. ಅದಕ್ಕೂ ಎಷ್ಟೋ ಹಿಂದಿನ ಚರಕಸಂಹಿತೆಯ ಋತುಚರ್ಯೆಯಲ್ಲಿ ಬೇಸಿಗೆಗೆ ಚಂದನ, ಹೇಮಂತದ ಚಳಿಗೆ ಅಗರು. ಇದನ್ನು ಓದಿದಾಗ ನಗು ಬಂತು. ವರ್ಷದಲ್ಲಿ ಎಂಟು ತಿಂಗಳು ಹೇಮಂತವೇ ಆಗಿರುವ ದ್ವೀಪಕ್ಕೆ ನಾವು ತಂಪಿಗೆಂದು ಹೇಳಿದ ಗಂಧವನ್ನು ಹೊತ್ತು ತರುತ್ತಿದ್ದೇವೆ!

ಹಾಗಾಗಿ ಅಗರೂ ತಂದು ನೋಡಿದೆ. ಬೂಷ್ಟು ಹಿಡಿದ ಮರ ತನ್ನ ಗಾಯಕ್ಕೆ ತಾನೇ ಕಟ್ಟಿಕೊಳ್ಳುವ ರಾಳ ಅದು. ಈಚೆಗೆ ಮಲೆನಾಡಿನ ತೋಟಗಳಲ್ಲೂ ನೆಟ್ಟವರಿದ್ದಾರೆ. ಡಬ್ಲಿನ್ನಿನ ಅರಬ್ ಅಂಗಡಿಗಳಲ್ಲಿ 'ಊದ್' ಎಂಬ ಹೆಸರಲ್ಲಿ ಸಿಗುತ್ತದೆ, ಅಗ್ಗದ್ದೆಲ್ಲ ನಕಲಿ ಎಂದೇ ತಿಳಿಯಿರಿ. ಒಳ್ಳೆಯದು ಮೊದಲು ಕೊಟ್ಟಿಗೆ, ಆಮೇಲೆ ಹೊಗೆ, ಕೊನೆಗೆ ಅಜ್ಜಿಯ ಮರದ ಪೆಟ್ಟಿಗೆ. ಎರಡು ಡಿಗ್ರಿ ಚಳಿಯಲ್ಲೂ ಕೋಟಿನ ಕಾಲರಿನಿಂದ ಮೇಲೆ ಬರುತ್ತದೆ. ಹಳ್ಳಿ ಕಡೆ ಟರ್ಫ್ ಉರಿಸುವ ಹೊಗೆಯ ಜೊತೆ ಅದು ಎಷ್ಟು ಚೆನ್ನಾಗಿ ಬೆರೆಯುತ್ತದೆ ಅಂದರೆ, ಯಾವುದು ಯಾವುದೆಂದು ಹೇಳುವುದೇ ಕಷ್ಟ.

ಕೊನೆಗೆ ಒಂದೆರಡು ವ್ಯವಹಾರದ ಮಾತು. ಶೀಶೆಯನ್ನು ಕಿಟಕಿಯ ಹತ್ತಿರ ಇಡಬೇಡಿ, ಕತ್ತಲ ಕಪಾಟು ಸಾಕು. ಬಾದಾಮಿ, ಎಳ್ಳೆಣ್ಣೆ ಬೆರೆಸಿದವು ಒಂದೆರಡು ವರ್ಷದಲ್ಲಿ ಕಮಟು ಹಿಡಿಯುತ್ತವೆ, ಹೊಹೊಬಾ ಎಣ್ಣೆಯಲ್ಲಿ ಬೆರೆಸಿದವು ಬಾಳುತ್ತವೆ. ಮಕ್ಕಳ ಚರ್ಮಕ್ಕೆ ಯಾವುದನ್ನೂ ಹಚ್ಚುವ ಮುನ್ನ ಮೊಣಕೈ ಒಳಭಾಗದಲ್ಲಿ ಒಂದು ದಿನ ಪರೀಕ್ಷಿಸಿ. ರೇಷ್ಮೆ ಸೀರೆಗೆ ಮಾತ್ರ ನೇರವಾಗಿ ಹಚ್ಚಬೇಡಿ, ಎಣ್ಣೆಯ ಕಲೆ ಹೋಗುವುದಿಲ್ಲ. ಹತ್ತಿಗೆ ಹಚ್ಚಿ, ಸೀರೆಯ ಮಡಿಕೆಗೆ ತಾಗದಂತೆ ಪೆಟ್ಟಿಗೆಯ ಮೂಲೆಯಲ್ಲಿಡಿ.