ಟಿವಿ ತಾನಾಗಿಯೇ ಆನ್ ಆಯಿತೇ? ಹ್ಯಾಕರ್ ಎನ್ನುವ ಮೊದಲು ಹಿಂದಿರುವ ಕೇಬಲ್ ನೋಡಿ

ರಿಮೋಟ್ ಮುಟ್ಟಿದವರಿಲ್ಲ, ಆದರೂ ಟಿವಿ ಆನ್ ಆಯಿತು. ಇದು ಹ್ಯಾಕರ್‌ಗಳ ಕೆಲಸವೇ? ಹೆಚ್ಚಿನ ಸಲ ಅಲ್ಲ. ಟಿವಿಗೆ ಆಜ್ಞೆ ಕೊಡುವ ಹಕ್ಕು ರಿಮೋಟ್‌ಗೆ ಮಾತ್ರ ಇದೆ ಎಂದು ನಾವು ಅಂದುಕೊಂಡಿರುತ್ತೇವೆ. ವಾಸ್ತವದಲ್ಲಿ ಕಂಪ್ಯೂಟರ್, ಫೋನ್, ಸೆಟ್‌ಟಾಪ್ ಬಾಕ್ಸ್ ಕೂಡ ಆಜ್ಞೆ ಕೊಡಬಲ್ಲವು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

1. ಕಣ್ಣಿಗೆ ಕಾಣದ ಬೆಳಕು

ಸಾಮಾನ್ಯ ರಿಮೋಟ್‌ನ ತುದಿಯಲ್ಲಿರುವ ಪುಟ್ಟ ಎಲ್‌ಇಡಿ ಇನ್‌ಫ್ರಾರೆಡ್ ಬೆಳಕನ್ನು ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗಿಸುತ್ತದೆ. ಈ ಮಿನುಗು ಬಿಟ್ಟುಬಿಟ್ಟು ಬರುವ ಲಯದಲ್ಲೇ ಸಂಕೇತ ಅಡಗಿರುತ್ತದೆ. ರಿಮೋಟ್ ಗುಂಡಿ ಒತ್ತಿ ಫೋನ್ ಕ್ಯಾಮೆರಾ ಮುಂದೆ ಹಿಡಿದರೆ ಅನೇಕ ಫೋನ್‌ಗಳಲ್ಲಿ ಈ ಬೆಳಕು ಕಾಣುತ್ತದೆ. ಯುಎಸ್‌ಬಿಗೆ ಇನ್‌ಫ್ರಾರೆಡ್ ಸಾಧನ ಸಿಕ್ಕಿಸಿದರೆ ಕಂಪ್ಯೂಟರ್ ಕೂಡ ಅದೇ ಸಂಕೇತ ಕಳಿಸಬಲ್ಲದು.

ಈ ಸಂಕೇತಕ್ಕೆ ಪಾಸ್‌ವರ್ಡ್ ಇಲ್ಲ. ಅದೇ ಸಂಕೇತ ಬಳಸುವ ಪಕ್ಕದ ಮನೆಯ ರಿಮೋಟ್‌ಗೂ ನಿಮ್ಮ ಟಿವಿ ಓಗೊಡುತ್ತದೆ. ಆದರೆ ಈ ಬೆಳಕು ಗೋಡೆ ದಾಟುವುದಿಲ್ಲ. ತೆರೆದ ಬಾಗಿಲು ಅಥವಾ ಗಾಜಿನ ಕಿಟಕಿ ಬೇಕು. ಹಿಂದೆ ಇನ್ನೂ ತಮಾಷೆಯಾಗಿತ್ತು: 1955ರಲ್ಲಿ ಅಮೆರಿಕದ ಝೆನಿತ್ ಕಂಪನಿ ತಂದ ಟಾರ್ಚ್‌ನಂಥ ‘ಫ್ಲ್ಯಾಶ್-ಮ್ಯಾಟಿಕ್’ ರಿಮೋಟ್‌ನ ಟಿವಿಗಳು ಬಿಸಿಲು ಬಿದ್ದರೂ ಚಾನೆಲ್ ಬದಲಿಸುತ್ತಿದ್ದವು!

2. ಎಚ್‌ಡಿಎಂಐ ಕೇಬಲ್

ನಿಜವಾದ ‘ಆರೋಪಿ’ ಹೆಚ್ಚಾಗಿ ಸಿಗುವುದು ಇಲ್ಲಿ. ಈ ಕೇಬಲ್ ಚಿತ್ರ, ಧ್ವನಿಯ ಜೊತೆಗೆ ‘ಸಿಇಸಿ’ ಎಂಬ ಆಜ್ಞೆಗಳನ್ನೂ ಒಯ್ಯುತ್ತದೆ. ಸ್ಟ್ರೀಮಿಂಗ್ ಸ್ಟಿಕ್ ಅಥವಾ ಗೇಮ್ ಬಾಕ್ಸ್ ಎಚ್ಚರಗೊಂಡರೆ ‘ನೀನೂ ಏಳು’ ಎಂದು ಟಿವಿಗೆ ಹೇಳಬಲ್ಲದು. ಸ್ಯಾಮ್‌ಸಂಗ್ ಇದನ್ನು ‘ಎನಿನೆಟ್ ಪ್ಲಸ್’ ಎಂದರೆ, ಎಲ್‌ಜಿ ‘ಸಿಂಪ್‌ಲಿಂಕ್’ ಎನ್ನುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯ ಇರುವುದು ಅಪರೂಪ, ಪ್ರತ್ಯೇಕ ಅಡಾಪ್ಟರ್ ಬೇಕಾಗುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಮಾತ್ರ ಇದು ಇದ್ದೇ ಇದೆ.

3. ವೈ-ಫೈ

ಸ್ಮಾರ್ಟ್ ಟಿವಿಗೆ ಅದೇ ವೈ-ಫೈನಲ್ಲಿರುವ ಫೋನ್ ಅಥವಾ ಕಂಪ್ಯೂಟರ್ ಆಜ್ಞೆ ಕೊಡಬಹುದು. ಅನೇಕ ಟಿವಿಗಳು ಮೊದಲ ಸಲ ಪರದೆಯ ಮೇಲೆ ಅನುಮತಿ ಅಥವಾ ಕೋಡ್ ಕೇಳುತ್ತವೆ. ನೀವು ಕೇಳದೆಯೇ ಕೋಡ್ ಕಾಣಿಸಿಕೊಂಡರೆ ‘ಬೇಡ’ ಎನ್ನಿ.

ಹಾಗಾದರೆ ಭಯ ಬೇಡವೇ?

ಎಚ್ಚರ ಬೇಕು, ಆದರೆ ಸರಿಯಾದ ಕಡೆ. ‘ಯಾವ ಫೋನನ್ನೂ ಯಾವ ಟಿವಿಗೂ ರಿಮೋಟ್ ಮಾಡುವ ಆ್ಯಪ್’ ಎಂಬ ಲಿಂಕ್‌ಗಳನ್ನು ನಂಬಬೇಡಿ. ಇನ್‌ಫ್ರಾರೆಡ್ ಎಲ್‌ಇಡಿ ಇಲ್ಲದ ಫೋನ್‌ನಿಂದ ಆ ಬೆಳಕನ್ನು ಯಾವ ಆ್ಯಪ್ ಕೂಡ ಹೊರಡಿಸಲಾರದು. ಬರೀ ರಿಮೋಟ್ ಆಗಬೇಕಾದ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್, ಸಂಪರ್ಕ ಪಟ್ಟಿ ಏಕೆ ಬೇಕು? ಅಲ್ಲಿ ಹೋಗುವುದು ಟಿವಿಯ ಹಿಡಿತವಲ್ಲ, ನಿಮ್ಮ ಒಟಿಪಿ.

ನೀವೇ ಪರೀಕ್ಷಿಸಿ

• ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಆಫ್ ಮಾಡಿ. ತೊಂದರೆ ನಿಂತರೆ ಕಾರಣ ಸಿಕ್ಕಿತು.
• ನಿಲ್ಲದಿದ್ದರೆ ಟಿವಿಯ ಆನ್-ಟೈಮರ್ ನೋಡಿ; ರಿಮೋಟ್‌ನ ಗುಂಡಿ ಸಿಕ್ಕಿಕೊಂಡಿದೆಯೇ ಎಂದು ತಿಳಿಯಲು ಅದರ ಬ್ಯಾಟರಿ ತೆಗೆದಿಡಿ.
• ಜೋಡಣೆಯಾದ ಸಾಧನಗಳ ಪಟ್ಟಿಯಲ್ಲಿ ಗುರುತಿಲ್ಲದ್ದನ್ನು ಅಳಿಸಿ, ವೈ-ಫೈ ಪಾಸ್‌ವರ್ಡ್ ಬದಲಿಸಿ.

‘ಟಿವಿ ಹ್ಯಾಕ್ ಆಗಿದೆ’ ಎಂಬ ವಿಡಿಯೊ ಮುಂದೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇಷ್ಟು ಕೇಳಿ: ಆ ಟಿವಿಯ ಹಿಂದೆ ಏನನ್ನು ಸಿಕ್ಕಿಸಿದ್ದಾರೆ?