ಡೊಮೈನ್ ಹೆಸರನ್ನು ಮಿತವ್ಯಯದಲ್ಲಿ ಪಡೆಯುವ ಕ್ರಮ
(ಒಬ್ಬ ವ್ಯವಸಾಯ ಇನ್ಸ್‌ಪೆಕ್ಟರು, ಎಲ್.ಎಜಿ.)

ಈಚಿನ ವರ್ಷಗಳಲ್ಲಿ ನಮ್ಮ ಹಿಡುವಳಿದಾರರೂ ಬೆಳೆಗಾರರ ಸಂಘಗಳೂ ಬೆಲ್ಲ, ಅಡಿಕೆ, ಕಾಫಿ, ಮೆಣಸು ಮುಂತಾದ ಉತ್ಪನ್ನಗಳನ್ನು ಅಂತರಜಾಲದ ಮೂಲಕ ದೂರದ ಗಿರಾಕಿಗಳಿಗೆ ಮಾರತೊಡಗಿರುವುದು ಸಂತೋಷದ ಸಂಗತಿಯೇ ಸರಿ. ಇದಕ್ಕೆ ಮೊದಲು ಬೇಕಾದುದು ಜಾಲತಾಣದ ವಿಳಾಸ, ಎಂದರೆ ಡೊಮೈನ್ ಹೆಸರು. ಹಣ ಪಡೆದು ಈ ಹೆಸರನ್ನು ದಾಖಲು ಮಾಡಿಕೊಡುವ ಸಂಸ್ಥೆಗೆ ರಿಜಿಸ್ಟ್ರಾರ್ ಎನ್ನುವರು. ಕ್ರಯಪತ್ರಗಳನ್ನು ನೋಂದಾಯಿಸುವ ಸಬ್‌ರಿಜಿಸ್ಟ್ರಾರ್ ಕಛೇರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹಾಗೆ ತಿಳಿದು ತಾಲ್ಲೂಕಿನವರೆಗೆ ಹೋಗಿ ಬಂದವರನ್ನು ಬಲ್ಲೆನಾದುದರಿಂದ ಇಷ್ಟು ಬರೆಯಬೇಕಾಯಿತು.

ಡೊಮೈನ್ ಹೆಸರು ಕ್ರಯಕ್ಕೆ ದೊರೆಯತಕ್ಕ ವಸ್ತುವಲ್ಲ. ಗುತ್ತಿಗೆಗೆ ಮಾತ್ರ ದೊರೆಯುವುದು. ಒಂದು ವರ್ಷದಿಂದ ಹತ್ತು ವರ್ಷಗಳವರೆಗೆ ಹಣ ಕಟ್ಟಬಹುದು. ಅವಧಿ ತೀರುವುದರೊಳಗೆ ಪುನಃ ಕಟ್ಟಬೇಕು. ಡಾಟ್ ಇನ್ ಹೆಸರುಗಳ ಮೂಲ ದಫ್ತರವನ್ನು ನಮ್ಮ ದೇಶದ ನಿಕ್ಸಿ ಸಂಸ್ಥೆಯು ಇಟ್ಟಿರುವುದು. ಕನ್ನಡ ಲಿಪಿಯ ಡಾಟ್ ಭಾರತ ಹೆಸರುಗಳೂ ಅದರ ಮೂಲಕವೇ ದೊರೆಯುವುವು. ಡಾಟ್ ಕಾಮ್ ದಫ್ತರವು ಅಮೆರಿಕದ ವೆರಿಸೈನ್ ಸಂಸ್ಥೆಯದು. 2024ರ ಸೆಪ್ಟೆಂಬರ್ 1ರಿಂದ ಪ್ರತಿ ಹೆಸರಿಗೆ ವರ್ಷಕ್ಕೆ 10 ಡಾಲರ್ 26 ಸೆಂಟ್‌ನಂತೆ ರಿಜಿಸ್ಟ್ರಾರರು ಅದಕ್ಕೆ ಸಲ್ಲಿಸಬೇಕೆಂದು ನಿಗದಿಯಾಯಿತು. ಆದುದರಿಂದ ಡಾಟ್ ಕಾಮ್ ಹೆಸರನ್ನು ನೂರು ರೂಪಾಯಿಗೆ ಕೊಡುವೆನೆಂಬವನು ಮೊದಲ ವರ್ಷದ ನಷ್ಟವನ್ನು ಮುಂದಿನ ವರ್ಷಗಳಲ್ಲಿ ತುಂಬಿಕೊಳ್ಳುವನೆಂದು ತಿಳಿಯತಕ್ಕದ್ದು.

ಒಬ್ಬನು ಮೊದಲ ವರ್ಷಕ್ಕೆ 99 ರೂಪಾಯಿ, ಅನಂತರ ವರ್ಷಕ್ಕೆ 1,400 ರೂಪಾಯಿ ಕೇಳುವನೆಂದು ಇಟ್ಟುಕೊಳ್ಳೋಣ. ಮತ್ತೊಬ್ಬನು ಪ್ರತಿ ವರ್ಷವೂ ಏಕರೀತಿಯಾಗಿ 900 ರೂಪಾಯಿ ಕೇಳುವನು. ಐದು ವರ್ಷಗಳಲ್ಲಿ ಮೊದಲಿನವನಿಗೆ 5,699 ರೂಪಾಯಿ, ಎರಡನೆಯವನಿಗೆ 4,500 ರೂಪಾಯಿ ಸಲ್ಲುವುದು. ನವೀಕರಣದ ದರವು ಜಾಹೀರಾತಿನಲ್ಲಿ ಸಣ್ಣಕ್ಷರಗಳಲ್ಲಿರುವುದುಂಟು. ಅದನ್ನು ಹುಡುಕಿ ಓದಬೇಕು. ದರದಲ್ಲಿ ಜಿ.ಎಸ್.ಟಿ. ಸೇರಿದೆಯೇ ಎಂಬುದನ್ನೂ ವಿಚಾರಿಸಬೇಕು. ಹಣ ಪಾವತಿಸುವ ಪುಟದಲ್ಲಿ ಕೇಳದ ಸೇವೆಗಳಿಗೂ ಮೊದಲೇ ಗುರುತು ಹಾಕಿಟ್ಟಿದ್ದರೆ ಅವನ್ನು ತೆಗೆದುಹಾಕತಕ್ಕದ್ದು.

ಆದರೆ ದರಕ್ಕಿಂತಲೂ ಮುಖ್ಯವಾದ ವಿಷಯವೊಂದುಂಟು. ನಾನು ಸರ್ಕೀಟು ಹೋಗುತ್ತಿದ್ದ ಗ್ರಾಮವೊಂದರ ಬೆಲ್ಲ ತಯಾರಕರ ಸಂಘದವರು ಪಟ್ಟಣದ ಪರಿಚಿತ ಯುವಕನೊಬ್ಬನಿಂದ ಹೆಸರನ್ನು ತೆಗೆಯಿಸಿದರು. ಅತ್ಯಂತ ಅಗ್ಗವಾಗಿ ಮುಗಿಯಿತೆಂದು ಆ ದಿನ ನಾನೂ ಶ್ಲಾಘಿಸಿದೆನು. ದಾಖಲೆಯು ಆತನ ಹೆಸರಿನಲ್ಲಿತ್ತು, ಇ-ಮೇಲ್ ವಿಳಾಸವೂ ಆತನದೇ. ಎರಡು ವರ್ಷಗಳ ತರುವಾಯ ಆತನು ಉದ್ಯೋಗನಿಮಿತ್ತ ಬೇರೆ ಊರಿಗೆ ಹೋದನು. ಅವಧಿ ತೀರಿದುದು ಸಂಘದಲ್ಲಿ ಯಾರಿಗೂ ತಿಳಿಯಲಿಲ್ಲ. ಯಾರೋ ಅಪರಿಚಿತರು ಆ ಹೆಸರನ್ನು ಹಿಡಿದುಕೊಂಡು, ಮರಳಿ ಕೊಡಲು ಸಂಘಕ್ಕೆ ಮೀರಿದ ಮೊತ್ತವನ್ನು ಕೇಳಿದರು. ಹಳೆಯ ವಿಳಾಸವನ್ನು ಮುದ್ರಿಸಿದ್ದ ಚೀಲಗಳೆಲ್ಲ ಗೋದಾಮಿನಲ್ಲಿ ಉಳಿದುವು. ಆತನಲ್ಲಿ ಕಪಟವಿರಲಿಲ್ಲ, ಖಾತೆ ಯಾರ ಹೆಸರಿನಲ್ಲಿದೆಯೆಂದು ಜಮೀನಿನ ವಿಷಯದಲ್ಲಿ ಮೂರು ಸಲ ಕೇಳುವ ನಾವು ಇಲ್ಲಿ ಒಂದು ಸಲವೂ ಕೇಳಲಿಲ್ಲ.

ಆದಕಾರಣ ಹೆಸರು ಸಂಘದ ಅಥವಾ ಹಿಡುವಳಿದಾರರ ಹೆಸರಿನಲ್ಲಿಯೇ ದಾಖಲಾಗಬೇಕು. ಇ-ಮೇಲ್ ವಿಳಾಸವು ಒಬ್ಬ ಗುಮಾಸ್ತೆಯ ಸ್ವಂತದ್ದಾಗಿರದೆ, ಕಾರ್ಯದರ್ಶಿಯು ಬದಲಾದರೂ ಸಂಘದಲ್ಲಿ ಉಳಿಯತಕ್ಕದ್ದಾಗಿರಬೇಕು. ಡಾಟ್ ಕಾಮ್ ಮೊದಲಾದುವುಗಳ ಮೇಲ್ವಿಚಾರಣೆಯುಳ್ಳ ಐಕ್ಯಾನ್ ಸಂಸ್ಥೆಯ ನಿಯಮದಂತೆ ಅವಧಿಗೆ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ಒಂದು ವಾರ ಮುಂಚೆ ಮತ್ತೊಮ್ಮೆ ರಿಜಿಸ್ಟ್ರಾರನು ಸೂಚನೆ ಕಳುಹಿಸಬೇಕು. ಯಾರೂ ತೆರೆಯದ ಅಂಚೆಗೆ ಬಂದ ಸೂಚನೆಯಿಂದ ಪ್ರಯೋಜನವಿಲ್ಲ. ಅವಧಿ ಮೀರಿ ರದ್ದಾದ ಡಾಟ್ ಕಾಮ್ ಹೆಸರನ್ನು ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿದೆಯಾದರೂ ಅದಕ್ಕೆ ತೆರಬೇಕಾದ ದಂಡವು ಹಲವು ವರ್ಷಗಳ ಗುತ್ತಿಗೆಗೆ ಸಮನಾಗಬಹುದು. ಅದರ ಮೇಲೆ 5 ದಿನ ಕಳೆದರೆ ಹೆಸರು ಯಾರಿಗಾದರೂ ದೊರೆಯುವುದು.

ಈಗಾಗಲೇ ಹೆಚ್ಚಿನ ದರ ತೆರುತ್ತಿರುವವರು ಅಲ್ಲಿಯೇ ಉಳಿಯಬೇಕಾದ ನಿರ್ಬಂಧವಿಲ್ಲ. ಹೊಸದಾಗಿ ಪಡೆದ ಹೆಸರನ್ನು ಸಾಮಾನ್ಯವಾಗಿ 60 ದಿನಗಳವರೆಗೆ ವರ್ಗಾಯಿಸಲಾಗದು. ಅನಂತರ ಹಳೆಯ ರಿಜಿಸ್ಟ್ರಾರನಿಂದ ವರ್ಗಾವಣೆಯ ಗುಪ್ತ ಸಂಕೇತವನ್ನು ಪಡೆದು ಹೊಸಬನಿಗೆ ಕೊಟ್ಟರಾಯಿತು. ಡಾಟ್ ಕಾಮ್ ಹೆಸರಾದರೆ ಹೊಸಬನಿಗೆ ಕಟ್ಟುವ ಹಣದಿಂದ ಒಂದು ವರ್ಷವು ಉಳಿದ ಅವಧಿಗೆ ಸೇರುವುದು. ಮಾನ್ಯತೆ ಪಡೆದ ರಿಜಿಸ್ಟ್ರಾರರ ಪಟ್ಟಿಗಳು ಐಕ್ಯಾನ್ ಮತ್ತು ನಿಕ್ಸಿ ಸಂಸ್ಥೆಗಳ ತಾಣಗಳಲ್ಲಿವೆ; ಹಣ ಕಟ್ಟುವ ಮುನ್ನ ಅವನ್ನು ನೋಡತಕ್ಕದ್ದು.