ಗಂಧಯುಕ್ತಿ (ಬೃಹತ್ಸಂಹಿತೆ)

ಗಂಧಯುಕ್ತಿ ಎಂಬುದು ಸುಗಂಧದ್ರವ್ಯಗಳನ್ನು ಅಳತೆಯರಿತು ಬೆರೆಸಿ ಹೊಸ ಪರಿಮಳವನ್ನು ಸಿದ್ಧಪಡಿಸುವ ಪ್ರಾಚೀನ ಭಾರತೀಯ ವಿದ್ಯೆ. ಕ್ರಿ.ಶ. 6ನೆಯ ಶತಮಾನದ ಜ್ಯೋತಿಷಿ ವರಾಹಮಿಹಿರನ ಸಂಸ್ಕೃತ ಗ್ರಂಥವಾದ ಬೃಹತ್ಸಂಹಿತೆಯಲ್ಲಿ ಇದೇ ಹೆಸರಿನ ಅಧ್ಯಾಯವೊಂದಿದೆ. ಮುದ್ರಣಭೇದಕ್ಕೆ ಅನುಗುಣವಾಗಿ ಇದು 76 ಅಥವಾ 77ನೆಯ ಅಧ್ಯಾಯವಾಗಿರುತ್ತದೆ. ಹೂವನ್ನೇ ಬಳಸದೆ ಹೂವಿನ ಕಂಪನ್ನು ಪಡೆಯುವ ಕ್ರಮವನ್ನು ವಿವರಿಸಿರುವುದು ಈ ಅಧ್ಯಾಯದ ವಿಶೇಷ.

ಜ್ಯೋತಿಷ ಗ್ರಂಥದಲ್ಲಿ ಸುಗಂಧ

ಪ್ರಾಚೀನರು ಜ್ಯೋತಿಷವನ್ನು ಗಣಿತ, ಹೋರಾ, ಸಂಹಿತಾ ಎಂದು ಮೂರು ಸ್ಕಂಧಗಳಾಗಿ ವಿಂಗಡಿಸಿದ್ದರು. ಸಂಹಿತಾ ಸ್ಕಂಧವು ಗ್ರಹಚಾರದ ಜೊತೆಗೆ ಮಳೆ, ವಾಸ್ತು, ರತ್ನಪರೀಕ್ಷೆ ಮೊದಲಾದ ಲೋಕವ್ಯವಹಾರಗಳನ್ನೂ ಒಳಗೊಳ್ಳುತ್ತಿತ್ತು. ಆದ್ದರಿಂದಲೇ ಭೂಮಿಯೊಳಗಿನ ನೀರನ್ನು ಗುರುತಿಸುವ ದಕಾರ್ಗಲವೂ ಗಂಧಯುಕ್ತಿಯೂ ಒಂದೇ ಗ್ರಂಥದಲ್ಲಿ ಸೇರಿವೆ. ಆದರೆ ಈ ಅಧ್ಯಾಯದಲ್ಲಿ ಇಂತಹ ರಾಶಿಗೆ ಇಂತಹ ಪರಿಮಳ ಎಂಬ ನಿಯಮವಿಲ್ಲ. ಜ್ಯೋತಿಷದ ಪ್ರಭಾವವು ಇಲ್ಲಿ ಕಾಣುವುದು ಲೆಕ್ಕದ ರೀತಿಯಲ್ಲಿ. ಚಂದ್ರ ಎಂದರೆ 1, ವೇದ ಎಂದರೆ 4, ಋತು ಎಂದರೆ 6 ಎಂಬ ಭೂತಸಂಖ್ಯೆಗಳಿಂದಲೇ ದ್ರವ್ಯಗಳ ಪ್ರಮಾಣವನ್ನು ಸೂಚಿಸಲಾಗಿದೆ.

ಹೂವಿಲ್ಲದ ಹೂಗಂಪು

ಪತ್ರ, ತುರುಷ್ಕ ಎಂಬ ಅಂಟುರಾಳ, ವಾಲಕ ಮತ್ತು ತಗರ ಇವುಗಳನ್ನು ಸಮಭಾಗವಾಗಿ ಬೆರೆಸಿದರೆ 'ಸ್ಮರೋದ್ದೀಪನ' ಎಂಬ ಗಂಧವಾಗುತ್ತದೆ. ಇದನ್ನೇ ಮೂಲವಾಗಿಟ್ಟುಕೊಂಡು ಬೇರೆ ಬೇರೆ ಹೂಗಳ ಕಂಪನ್ನು ಪಡೆಯಬಹುದು. ವ್ಯಾಮಕವನ್ನು ಸೇರಿಸಿ ಧೂಪ ಹಾಕಿದರೆ ಬಕುಲ, ಕೋಷ್ಟ ಸೇರಿಸಿದರೆ ನೀರಿನಲ್ಲಿ ಅರಳುವ ಉತ್ಪಲ ಅಥವಾ ನೈದಿಲೆ, ಶ್ರೀಗಂಧ ಸೇರಿಸಿದರೆ ಸಂಪಿಗೆ, ಜಾಯಿಕಾಯಿ, ದಾಲ್ಚಿನ್ನಿ ಮತ್ತು ಕೊತ್ತಂಬರಿ ಸೇರಿಸಿದರೆ ಅತಿಮುಕ್ತಕ. ಇವುಗಳಲ್ಲಿ ಬಕುಲವು ಕೆನೆಬಿಳುಪಿನ ಹೂವು. ಸಂಪಿಗೆಯ ಬಣ್ಣ ಹಳದಿಯಾದರೂ ಇಂದಿನ ಸುಗಂಧಕಾರರು ಅದರ ಕಂಪನ್ನು ಮಲ್ಲಿಗೆಯೊಡನೆ 'ಬಿಳಿ ಹೂ'ಗಳ ವರ್ಗದಲ್ಲಿ ಎಣಿಸುವುದುಂಟು. ಬೇರು, ತೊಗಟೆ, ಎಲೆ, ರಾಳಗಳ ಮಿಶ್ರಣದಿಂದ ಹೂವಿನ ಭಾವವನ್ನು ಮೂಡಿಸುವ ಈ ಉಪಾಯವು ಆಧುನಿಕ ಪರ್ಫ್ಯೂಮ್ ತಯಾರಿಕೆಯಲ್ಲಿಯೂ ಮುಖ್ಯವಾದುದು. ಕೆಲವು ಹೂಗಳ ಸಾರವನ್ನು ಬಟ್ಟಿ ಇಳಿಸಿ ಪಡೆಯುವುದು ಇಂದಿಗೂ ಕಷ್ಟಸಾಧ್ಯ.

ಹದಿನಾರು ದ್ರವ್ಯಗಳ ಚೌಕ

ಅಗುರು, ಪ್ರಿಯಂಗು, ಜಟಾಮಾಂಸಿ, ಶ್ರೀಗಂಧ ಮೊದಲಾದ 16 ದ್ರವ್ಯಗಳನ್ನು 'ಕಚ್ಛಪುಟ' ಎಂಬ ಚೌಕದ ಮನೆಗಳಲ್ಲಿ ಈ ಪ್ರಮಾಣದಲ್ಲಿ ಇರಿಸಲಾಗುತ್ತದೆ:

2, 3, 5, 8
5, 8, 2, 3
4, 1, 7, 6
7, 6, 4, 1

ಅಡ್ಡಸಾಲು, ಕಂಬಸಾಲು, ಕರ್ಣ ಯಾವುದನ್ನು ಕೂಡಿಸಿದರೂ ಮೊತ್ತ 18. ಹೀಗಾಗಿ ಯಾವ ಸಾಲಿನ ನಾಲ್ಕು ದ್ರವ್ಯಗಳನ್ನು ಆರಿಸಿದರೂ ಒಟ್ಟು 18 ಭಾಗಗಳ ಮಿಶ್ರಣವೇ ದೊರೆಯುತ್ತದೆ. 16 ದ್ರವ್ಯಗಳಿಂದ ನಾಲ್ಕನ್ನು 1820 ಬಗೆಗಳಲ್ಲಿ ಆರಿಸಬಹುದೆಂದು ವರಾಹಮಿಹಿರನು ಸರಿಯಾಗಿ ಲೆಕ್ಕ ಹಾಕಿದ್ದಾನೆ. ಭಾರತೀಯ ಗಣಿತದ ಇತಿಹಾಸದಲ್ಲಿ ಮಾಯಾಚೌಕ ಮತ್ತು ವಿಕಲ್ಪಗಣಿತದ ಪ್ರಾಚೀನ ನಿದರ್ಶನಗಳಲ್ಲಿ ಇದೂ ಒಂದು.

ನೀರು ಮತ್ತು ಸುಗಂಧ

ರಾಜರ ತಲೆಸ್ನಾನಕ್ಕೆ ಯೋಗ್ಯವಾದ ಚೂರ್ಣವನ್ನೂ, ಹಲ್ಲುಜ್ಜುವ ಕಡ್ಡಿಗಳನ್ನು ನೆನೆಸಿಡುವ ಗಂಧೋದಕವನ್ನೂ ವರಾಹಮಿಹಿರನು ವಿವರಿಸಿದ್ದಾನೆ. ಏಲಕ್ಕಿ, ದಾಲ್ಚಿನ್ನಿ, ಜೇನು, ಮೆಣಸು, ನಾಗಕೇಸರ ಮೊದಲಾದವು ಈ ಗಂಧೋದಕದಲ್ಲಿ ಸೇರುತ್ತವೆ.

ಕನ್ನಡದಲ್ಲಿ

ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ಜ್ಯೋತಿಷ, ಜಲಶೋಧನೆ ಮತ್ತು ಸುಗಂಧದ ವಿಷಯಗಳು ಒಟ್ಟಾಗಿ ಬರುತ್ತವೆ. ಸಂಸ್ಕೃತದಲ್ಲಿದ್ದ ಇಂತಹ ಬಳಕೆಯ ತಿಳಿವಳಿಕೆಯನ್ನು ಜನರ ಭಾಷೆಗೆ ತಂದ ಗ್ರಂಥವಾಗಿ ಅದಕ್ಕೆ ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ಮಹತ್ವದ ಸ್ಥಾನವಿದೆ.